ಕಂಬಿಯಿಲ್ಲದ ತಾರಸಿ

ತನ್ನ ಮನೆಯನ್ನು ಊರೆಲ್ಲ ನೋಡಿಬಿಟ್ಟಿದೆ ಎಂಬ ನಾಚಿಕೆ ಬೆಳಗಿನಿಂದ ರಸ್ಮಿಯಾಳನ್ನು ಬಿಟ್ಟಿರಲಿಲ್ಲ. ಮನೆಯನ್ನೇನೂ ಇನ್ನೂ ಕಟ್ಟಿರಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ಕಟ್ಟುವವರು ತಮ್ಮ ಮನೆ ಎಷ್ಟು ಎತ್ತರಕ್ಕೆ ಬರುತ್ತದೆ, ಯಾರ ಬೆಳಕಿಗೆ ಅಡ್ಡವಾಗುತ್ತದೆ ಎಂಬುದನ್ನು ನೆರೆಹೊರೆಗೆ ಮೊದಲೇ ತೋರಿಸಬೇಕೆಂಬುದು ಪುರಸಭೆಯ ನಿಯಮ. ಅದಕ್ಕೇ ಮೂಲೆಗೊಂದು ಉದ್ದನೆಯ ಗಳ ನೆಟ್ಟು, ತಾರಸಿ ಬರುವ ಮಟ್ಟಕ್ಕೆ ಕೆಂಪು ಹಗ್ಗ ಬಿಗಿದಿದ್ದರು. ಸರಕಾರಿ ಆಸ್ಪತ್ರೆಯಲ್ಲಿ ಅವಳು ಕೂರುವ ಔಷಧಿ ಕಿಟಕಿಯೆದುರು ಬಗ್ಗಿ ನಿಲ್ಲುವವರಿಗೆಲ್ಲ ಈಗ ಅದೇ ಮಾತು. 'ಏನಮ್ಮ, ಬಟ್ಟೆ ಒಣಗಿಸೋಕೆ ಅಷ್ಟು ದೊಡ್ಡ ಹಗ್ಗ ಬೇಕಾ?' ಎಂದು ಒಬ್ಬರು, 'ಒಬ್ಬಳಿಗೆ ಅಷ್ಟಗಲ ಯಾಕೆ, ಯಾರಾದ್ರೂ ಸಿಕ್ಕಿದ್ದಾರಾ?' ಎಂದು ಇನ್ನೊಬ್ಬರು. ಇಷ್ಟು ವರ್ಷ ಅವರವರ ಹೊಟ್ಟೆಯುಬ್ಬರ, ಮೂಲವ್ಯಾಧಿ, ನಿದ್ದೆ ಬಾರದ ಕಷ್ಟಗಳನ್ನೆಲ್ಲ ಆ ಸಣ್ಣ ಕಿಂಡಿಯಲ್ಲಿ ಕೇಳಿಸಿಕೊಂಡು, ಯಾರಿಗೂ ಬಾಯಿಬಿಡದೆ, ಮಾತ್ರೆ ಎಣಿಸಿ ಕೊಟ್ಟವಳು ಅವಳು. ಈಗ ತನ್ನ ಒಳಗೇ ಯಾರೋ ಕಿಂಡಿ ಕೊರೆದು ಇಣುಕುತ್ತಿರುವಂತೆ ಅನ್ನಿಸುತ್ತಿತ್ತು. ಮಲಗುವ ಕೋಣೆ ಎಲ್ಲಿ ಬರುತ್ತದೆ, ಬಚ್ಚಲು ಎಲ್ಲಿ ಬರುತ್ತದೆ ಎಂದು ದಾರಿಯಲ್ಲಿ ಹೋಗುವ ಟ್ಯಾಕ್ಸಿಯವನೂ ಊಹಿಸಿ ಹೇಳುವಂತಾಗಿತ್ತು.

ಜಾಗ ನೋಡಲು ಪುರಸಭೆಯ ಕಟ್ಟಡ ಸಮಿತಿಯವರು ಬರುವುದಕ್ಕೆ ಮೊದಲೇ ಅವಳು ಜಾಗಕ್ಕೆ ಬಂದು ನಿಂತಿದ್ದಳು. ಒಳ್ಳೆಯ ಚಪ್ಪಲಿ ಹಾಕಿಕೊಂಡು ಬಂದದ್ದು ತಪ್ಪಾಯಿತು. ಸಡಿಲ ಮಣ್ಣು, ಒಣಗಿದ ಮುಳ್ಳುಗಿಡ, ನಿಂತಲ್ಲೇ ಕಾಲು ಕೆಳಕ್ಕೆ ಜಾರುತ್ತಿತ್ತು. ಕೆಳಗೆ ಆಲಿವ್ ಮರಗಳ ಸಾಲು, ಅದರಾಚೆ ಕಣಿವೆ, ಕಣಿವೆಯಾಚೆ ಮಂಜು ಹಿಡಿದ ಇನ್ನೊಂದು ದೇಶದ ಗುಡ್ಡ. ಅಪ್ಪ ಸತ್ತ ವರ್ಷ, ಊರಿನ ಹೆಣ್ಣುಮಕ್ಕಳೆಲ್ಲ ಮಾಡುವಂತೆ ತನ್ನ ಪಾಲನ್ನು ತಮ್ಮನಿಗೆ ಬಿಟ್ಟುಕೊಡುತ್ತೇನೆಂದು ರುಜು ಹಾಕಲು ಅವಳನ್ನೂ ಕರೆದಿದ್ದರು. ಅವಳು ಹೋಗಿ ಕುರ್ಚಿಯಲ್ಲಿ ಕೂತಳು, ಪೆನ್ನನ್ನೂ ಕೈಗೆ ತೆಗೆದುಕೊಂಡಳು, ಆಮೇಲೆ ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಬಂದಳು. ಅಂಥದ್ದೊಂದು ಮಾಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಸಿಟ್ಟಿಗೋ ಹಾಸ್ಯಕ್ಕೋ ತಮ್ಮ ಮಮ್ದೂಹ್ ಅವಳ ಪಾಲಿಗೆ ಈ ಇಳಿಜಾರನ್ನು ಹಾಕಿದ. 'ಆಡು ಕೂಡ ಕೂತ್ಕೊಂಡು ಇಳಿಯೋ ಜಾಗ, ನಮ್ಮಕ್ಕ ಆಳ್ಲಿ ಬಿಡಿ' ಅಂದಿದ್ದ. ಆಮೇಲೆ ಮೇಲ್ಗಡೆ ರಸ್ತೆ ಬಂತು. ಇಳಿಜಾರಿನಲ್ಲೂ ಮನೆಗಳು ಮೊಳೆತವು. ಅವಳು ಮಾತ್ರ ಅವನ ಮನೆಯಲ್ಲೇ ಉಳಿದಳು. ಅವಳ ಕೋಣೆಯ ಮೂಲಕವೇ ಬಾಲ್ಕನಿಗೆ ಹೋಗಬೇಕು. ಬಟ್ಟೆ ಒಣಗಿಸಲು, ಸಿಗರೇಟು ಸೇದಲು, ಫೋನಿನಲ್ಲಿ ಗುಟ್ಟು ಮಾತಾಡಲು ಎಲ್ಲರೂ ಅವಳ ಮಂಚದ ಪಕ್ಕದಲ್ಲೇ ನಡೆದು ಹೋಗುತ್ತಿದ್ದರು. ಸೀರಿಯಲ್ಲು ನೋಡುವಾಗ ಮುಂದೆ ಹಾದುಹೋಗುವವರಾದರೂ ಸ್ವಲ್ಪ ತಲೆ ಬಗ್ಗಿಸುತ್ತಾರೆ; ಇಲ್ಲಿ ಅದೂ ಇರಲಿಲ್ಲ. ಬೀರುವಿನ ಬಾಗಿಲು ತೆರೆದು, ಅದರ ಮರೆಯಲ್ಲಿ ಬಟ್ಟೆ ಬದಲಾಯಿಸುವುದು ಅಭ್ಯಾಸವಾಗಿ, ಯಾರೂ ಇಲ್ಲದ ದಿನವೂ ಅವಳು ಬೀರುವಿನ ಬಾಗಿಲು ತೆರೆಯುತ್ತಿದ್ದಳು.

ಸಮಿತಿಯ ಅಧ್ಯಕ್ಷ ಇಂಜಿನಿಯರ್ ಹಿಕ್ಮತ್ ಕಾರಿನಿಂದ ಇಳಿದು ಮೊದಲು ಮಮ್ದೂಹ್‌ನ ಕೈಕುಲುಕಿ ಎರಡೂ ಕೆನ್ನೆಗೆ ಮುತ್ತಿಟ್ಟ. ಜೊತೆಗೆ ಬಂದ ಇಬ್ಬರು ಸದಸ್ಯರೂ ಹಾಗೇ ಮಾಡಿದರು. ಮಮ್ದೂಹ್ ಬರುತ್ತಾನೆಂದು ರಸ್ಮಿಯಾಳಿಗೆ ಗೊತ್ತಿರಲಿಲ್ಲ. ಬಂದದ್ದು ನೋಡಿ ಎದೆಯಲ್ಲೊಂದು ನೆಮ್ಮದಿ ಮೂಡಿತು. ಮೂಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ನಕ್ಷೆ ಬರೆದ ಹುಡುಗಿ ಶುರೂಕ್ ಬೊನೆಟ್ಟಿನ ಮೇಲೆ ಹಾಳೆ ಬಿಡಿಸಿ ಹಿಡಿದಳು. ಹಿಕ್ಮತ್ ಅದನ್ನು ನೋಡುತ್ತ ಮಮ್ದೂಹ್‌ನನ್ನು, ಊರಿನ ಮರ್ಯಾದೆಯಂತೆ, ಮಗನ ಹೆಸರಿನಿಂದ, 'ಸಖ್ರ್‌ನ ಅಪ್ಪ' ಎಂದು ಕರೆದ.

'ಅಬೂ ಸಖ್ರ್, ಅತಿಥಿಗಳ ಕೋಣೆ ಎಲ್ಲಿ ಕಾಣ್ತಾನೇ ಇಲ್ಲ?'

'ಇಲ್ಲ' ಎಂದಳು ರಸ್ಮಿಯಾ.

'ನಾಲ್ಕು ಜನ ಗಂಡಸರು ಬಂದ್ರೆ ಎಲ್ಲಿ ಕೂರಿಸ್ತೀರಿ?' ಈ ಪ್ರಶ್ನೆಯೂ ಮಮ್ದೂಹ್‌ಗೇ.

'ಬಂದ್ರೆ ತಾನೇ' ಎಂದಳು. ಒಬ್ಬ ಸದಸ್ಯ ನಕ್ಕು ಕೆಮ್ಮಿದಂತೆ ಮಾಡಿದ. ಹಿಕ್ಮತ್ ಅವಳತ್ತ ತಿರುಗಿ, 'ಕುಮಾರಿ ರಸ್ಮಿಯಾ, ನಮಗೇನೂ ತೊಂದ್ರೆ ಇಲ್ಲ, ನಿಮ್ಮನೆ, ನಿಮ್ಮಿಷ್ಟ' ಎಂದ. ಐವತ್ತು ದಾಟಿದವಳನ್ನು ಹಾಗೆ ಕರೆದದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಬೇರೆ ಪದ ಅವನಲ್ಲಿರಲಿಲ್ಲ ಅಷ್ಟೆ. ಹಾಳೆಯ ಮೇಲೆ ಬೆರಳಾಡಿಸುತ್ತ ಅವನು ಮತ್ತೆ ನಿಂತ. 'ಇದೇನಮ್ಮ ಶುರೂಕ್, ತಾರಸಿ ಮೇಲೆ ಕಂಬಿ ಬಿಟ್ಟೇ ಇಲ್ವಲ್ಲ? ಮೇಲಂತಸ್ತಿಗೆ?'

'ಮೇಲಂತಸ್ತು ಇಲ್ಲ ಸರ್.'

'ಈಗ ಇಲ್ಲ. ಮುಂದೆ?'

ಆ ಊರಿನ ತಾರಸಿಗಳ ಮೇಲೆಲ್ಲ ಕಂಬಗಳ ತುದಿಯಿಂದ ಕಬ್ಬಿಣದ ಕಂಬಿಗಳು ಆಕಾಶಕ್ಕೆ ನಿಂತಿರುತ್ತವೆ, ತುಕ್ಕು ಹಿಡಿದು, ತುದಿಗೆ ಕೊಕಾಕೋಲಾ ಬಾಟಲಿ ಸಿಕ್ಕಿಸಿಕೊಂಡು. ಗಂಡುಮಕ್ಕಳು ಬೆಳೆದಂತೆ ಒಂದೊಂದೇ ಅಂತಸ್ತು ಅವುಗಳ ಮೇಲೆ ಏರುತ್ತದೆ. ಕಂಬಿ ಬಿಡದ ತಾರಸಿ ಎಂದರೆ ಇಲ್ಲಿಗೆ ಮುಗಿಯಿತು ಎಂದು ಬೋರ್ಡು ಹಾಕಿದಂತೆ. ರಸ್ಮಿಯಾ ಬೇಕೆಂದೇ ಹಾಗೆ ಹೇಳಿ ಬರೆಸಿದ್ದಳು. 'ಸಪಾಟಾಗಿರಲಿ, ಸುಣ್ಣ ಬಳಿದು ಬಿಡೋಣ' ಅಂದಾಗ ಶುರೂಕ್ ಒಂದು ಕ್ಷಣ ಅವಳ ಮುಖ ನೋಡಿ, ಏನೂ ಕೇಳದೆ ಬರೆದುಕೊಂಡಿದ್ದಳು.

'ಬಿಡ್ತೀವಿ, ಬಿಡ್ತೀವಿ' ಎಂದ ಮಮ್ದೂಹ್. 'ಈ ಹುಡುಗಿಗೆ ಗೊತ್ತಾಗಿಲ್ಲ. ಕಂಬ ಎರಡು ಅಂತಸ್ತಿಗೆ ತಡೆಯೋ ಹಾಗೆ ಹಾಕಿಸ್ತೀವಿ. ಸಖ್ರ್ ಮದ್ವೆ ಆಗ್ಲಿ, ಮೇಲೆ ಅವನು, ಕೆಳಗೆ ಅವನ ಸೋದರತ್ತೆ. ನಾಳೆ ವಯಸ್ಸಾದ ಮೇಲೆ ಒಬ್ಬಳನ್ನೇ ಬಿಡೋಕಾಗುತ್ತಾ?' ಎಂದು ಅವಳ ಭುಜದ ಮೇಲೆ ಕೈಯಿಟ್ಟ. ಆ ಕೈ ಬೆಚ್ಚಗಿತ್ತು. ಅದೇ ಕಷ್ಟ. ಅವನು ಕೆಟ್ಟವನಾಗಿದ್ದರೆ ಕೈಯನ್ನು ಕೊಡವಬಹುದಿತ್ತು. ಅವನು ನಿಜವಾಗಿಯೂ ಅವಳ ಮುಪ್ಪಿನ ಬಗ್ಗೆ ಯೋಚಿಸಿದ್ದ, ಮಗನ ಮದುವೆಯ ಬಗ್ಗೆಯೂ ಯೋಚಿಸಿದ್ದ. ಎರಡೂ ಒಂದೇ ತಾರಸಿಯ ಮೇಲೆ ಕೂತದ್ದು ಅವನಿಗೆ ದೇವರ ದಯೆಯಂತೆ ಕಂಡಿರಬೇಕು. ಸಖ್ರ್ ಕೂಸಾಗಿದ್ದಾಗ ಜ್ವರದಲ್ಲಿ ಅವಳ ಹೆಗಲು ಬಿಟ್ಟು ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಅವನ ತಾಯಿ ಖಿತಾಮ್ ಬಾಗಿಲಲ್ಲಿ ನಿಂತು ಕೈಚಾಚಿದರೂ ಮುಖ ತಿರುಗಿಸಿ ಅವಳ ಕುತ್ತಿಗೆಗೆ ಒತ್ತಿಕೊಳ್ಳುತ್ತಿದ್ದ. ಆಗ ಖಿತಾಮಳ ಕೈ ಗಾಳಿಯಲ್ಲೇ ಉಳಿಯುತ್ತಿತ್ತು. ಅದನ್ನು ನೋಡಿ ತನಗೆ ಸುಖವಾಗುತ್ತಿತ್ತಲ್ಲವೇ? ಆಗುತ್ತಿತ್ತು. ಇನ್ನೊಬ್ಬಳ ಮನೆಯ ನಡುಕೋಣೆಯಲ್ಲಿ ಇಷ್ಟು ವರ್ಷ ಕೂತು, ಅವಳ ಮಗುವನ್ನೂ ಅಷ್ಟಿಷ್ಟು ಕಸಿದುಕೊಂಡು, ಈಗ ಅದೇ ಮಗುವಿಗೆ ಒಂದು ಅಂತಸ್ತು ಇಲ್ಲ ಅನ್ನುವುದು ಹೇಗೆ? ಬೇಡ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಹಿಕ್ಮತ್ ತಲೆಯಾಡಿಸಿ ಏನೋ ಬರೆದುಕೊಂಡ.

'ಕೇಳಿಸ್ತು, ಕೇಳಿಸ್ತು' ಎಂಬ ಧ್ವನಿ ಮೇಲಿನಿಂದ ಬಂತು. ರಸ್ತೆಯಾಚೆಯ ಮನೆಯ ಕಟ್ಟೆಯ ಮೇಲೆ ಮೊಣಕೈಯೂರಿ ಉಮ್ಮ್ ಜಿರ್ಯೆಸ್ ನಿಂತಿದ್ದಳು. ಮನೆಗೆ ತಕರಾರು ಕೊಟ್ಟವಳು ಇವಳೇ. ಕತ್ತಿನಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಸಿಪ್ಪೆ ಸುಲಿಯುತ್ತಿದ್ದ ಬೆಳ್ಳುಳ್ಳಿ. 'ನಾನು ಬರ್ಕೊಟ್ಟಿದ್ದು ಇದನ್ನೇ. ಇವತ್ತು ಒಂದು ಅಂತಸ್ತು ಅಂತಾರೆ, ನಾಳೆ ಹುಡುಗನಿಗೆ ಒಂದು, ನಾಡಿದ್ದು ಹುಡುಗನ ಹುಡುಗನಿಗೆ ಒಂದು. ಹಿಕ್ಮತ್, ನಿಮ್ಮಮ್ಮನ ಮದ್ವೇಲಿ ಕುಣಿದವಳು ನಾನು, ನನಗೆ ನಕ್ಷೆ ಓದೋಕೆ ಬರಲ್ಲ ಅಂದ್ಕೋಬೇಡ.'

'ಚಿಕ್ಕಮ್ಮ, ಮಧ್ಯಾಹ್ನ ಸಭೆಗೆ ಬನ್ನಿ, ಅಲ್ಲೇ ಹೇಳಿ.'

'ಬರ್ತೀನಿ. ಈಗ ಏ ಔಷಧಿ ಹುಡುಗಿ, ನೀನು ಬಾ ಮೇಲೆ. ನೀನೊಬ್ಬಳೇ.'

ಗಂಡಸರು ಕಾರು ಹತ್ತಿ ಹೋದರು. ಮಮ್ದೂಹ್ ಹೊರಡುವಾಗ, 'ಆ ಮುದುಕಿ ಹತ್ರ ಬಾಯಿ ಕೊಡಬೇಡ ಅಕ್ಕ, ನಾನು ನೋಡ್ಕೋತೀನಿ' ಎಂದ. ರಸ್ಮಿಯಾ ಕಲ್ಲಿನ ಮೆಟ್ಟಿಲು ಹತ್ತಿದಳು. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದಳು. ಬೈಸಿಕೊಂಡರೆ ಮನಸ್ಸು ಗಟ್ಟಿಯಾಗುತ್ತದೆ ಎಂಬ ಆಸೆಯೂ ಇತ್ತು. ಉಮ್ಮ್ ಜಿರ್ಯೆಸ್ ಬೈಯಲಿಲ್ಲ. ಕಟ್ಟೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ ತೋರಿಸಿ 'ಕೂತ್ಕೊ' ಎಂದಳು. ಕುರ್ಚಿಯ ದಿಂಬು ಒಬ್ಬರೇ ಬಹಳ ವರ್ಷ ಕೂತು ತಗ್ಗಾಗಿತ್ತು. ಕೂತಳು. ಕೂತಾಗ ಕೆಂಪು ಹಗ್ಗ ಕಣ್ಣಿನ ನೇರಕ್ಕೆ ಬಂತು. ಎದುರಿನ ಗುಡ್ಡವನ್ನು ಹಗ್ಗ ಸರಿಯಾಗಿ ಕುತ್ತಿಗೆಗೆ ಕತ್ತರಿಸಿತ್ತು. ಮೇಲೆ ಬರೀ ನೆತ್ತಿ, ಕೆಳಗಿನದೆಲ್ಲ ನಾಳೆ ಗೋಡೆ.

'ಏನು ಕಾಣುತ್ತೆ?'

'ಗುಡ್ಡ.'

'ಆ ಗುಡ್ಡದಲ್ಲಿ ನನ್ನ ತಂಗಿ ಇದ್ದಾಳೆ. ಹೊಳೆಯಾಚೆಗೆ ಕೊಟ್ಟಿದ್ರು. ಆಗ ಬಸ್ಸಲ್ಲಿ ಬೆಳಗ್ಗೆ ಹೋಗಿ ಸಂಜೆ ಬರ್ತಿದ್ವಿ. ಈಗ ನನಗೆ ಅಲ್ಲಿಗೆ ಬಿಡಲ್ಲ, ಅವಳಿಗೆ ಇಲ್ಲಿಗೆ ಬಿಡಲ್ಲ.' ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿ ಹಾರಿಸಿದಳು. 'ಕತ್ತಲಾದ ಮೇಲೆ ಅಲ್ಲಿ ದೀಪ ಹತ್ತುತ್ತೆ. ಅವಳ ಮನೆ ದೀಪ ಯಾವುದು ಅಂತ ಗೊತ್ತಿಲ್ಲ. ಅದಕ್ಕೇ ಎಲ್ಲಾನೂ ನೋಡ್ತೀನಿ.'

ಮುದುಕಿಯ ತಕರಾರು ಅರ್ಜಿಯಲ್ಲಿ 'ಬೆಳಕು ಮತ್ತು ಗಾಳಿಗೆ ಅಡ್ಡಿ' ಎಂದು ಬರೆದಿತ್ತು, ಎಲ್ಲರೂ ಹಾಗೇ ಬರೆಯುತ್ತಾರೆ. ಅದನ್ನು ಓದಿ ರಸ್ಮಿಯಾ ಹೊಟ್ಟೆಕಿಚ್ಚು ಅಂದುಕೊಂಡಿದ್ದಳು. ತಾನು ಯಾರಿಗೂ ಭಾರವಾಗದೆ ಇರಬೇಕೆಂದೇ ಮನೆ ಕಟ್ಟಹೊರಟವಳು. ಎಲ್ಲಿ ನಿಂತರೂ ಯಾರದೋ ಎದುರಿಗೇ ನಿಂತಿರುತ್ತೇವೆ ಅನ್ನುವುದು ಅವಳ ಲೆಕ್ಕದಲ್ಲಿರಲಿಲ್ಲ. ಹಗ್ಗ ಗಾಳಿಗೆ ಮೇಲೆ ಕೆಳಗೆ ತೂಗುತ್ತಿತ್ತು. ಅದು ಕೆಳಗೆ ಹೋದಾಗ ಗುಡ್ಡ ಇನ್ನಷ್ಟು ಕಾಣುತ್ತಿತ್ತು. ಉಮ್ಮ್ ಜಿರ್ಯೆಸ್ ಒಳಗೆ ಹೋಗಿ ಘಮ್ಮೆನ್ನುವ ಗುಡ್ಡದ ಎಲೆ ಹಾಕಿದ ಚಹಾ ತಂದಿಟ್ಟಳು. 'ಇದು ಕುಡಿದ್ರೆ ತಕರಾರು ವಾಪಸ್ ತಗೋತೀನಿ ಅಂತಲ್ಲ' ಎಂದಳು. ರಸ್ಮಿಯಾ ಚಹಾ ಕುಡಿದು, ರಸ್ತೆಯಲ್ಲೇ ನಿಂತಿದ್ದ ಶುರೂಕಳನ್ನು ಮೇಲಕ್ಕೆ ಕರೆದು ಅದೇ ಕುರ್ಚಿಯಲ್ಲಿ ಕೂರಿಸಿದಳು.

'ಮನೆಯನ್ನ ಇನ್ನೂ ಒಂದಾಳುದ್ದ ಕೆಳಗೆ ಇಳಿಸಿದ್ರೆ?'

ಹುಡುಗಿ ಕಣ್ಣು ಕಿರಿದು ಮಾಡಿ ನೋಡಿದಳು. 'ಗುಡ್ಡ ಪೂರ್ತಿ ಕಾಣುತ್ತೆ ಮೇಡಂ. ಆದ್ರೆ ನಿಮ್ಮ ಮಲಗೋ ಕೋಣೆ ಮಣ್ಣೊಳಗೆ ಹೋಗುತ್ತೆ. ಸೂರಿನ ಹತ್ರ ಉದ್ದಕ್ಕೆ ಒಂದು ಕಿಟಕಿ ಬಿಡಬಹುದು, ಅಷ್ಟೇ. ರಸ್ತೆಯಿಂದ ಇಳಿಯೋಕೆ ಮೆಟ್ಟಿಲೂ ಜಾಸ್ತಿ. ಮೇಲೊಂದು ಅಂತಸ್ತು ಬಂದ್ರಂತೂ ಇಷ್ಟು ಇಳಿಸಿದ್ದೂ ದಂಡ.'

'ಬರಲ್ಲ' ಎಂದಳು ರಸ್ಮಿಯಾ. ಕೆಳಗೆ ನಿಂತಾಗ ಬಾರದ ಮಾತು ಇಲ್ಲಿ ಸಲೀಸಾಗಿ ಬಂತು. ಆದರೆ ಇಲ್ಲಿ ಕೇಳುತ್ತಿದ್ದವರು ಇಬ್ಬರು ಹೆಂಗಸರು. ಅದು ಲೆಕ್ಕಕ್ಕೆ ಬರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಪುರಸಭೆಯ ಸಭಾಂಗಣದಲ್ಲಿ ಉದ್ದನೆಯ ಮೇಜಿನ ಒಂದು ತುದಿಗೆ ಹಿಕ್ಮತ್, ಬಲಕ್ಕೆ ಮಮ್ದೂಹ್‌ಗೊಂದು ಕುರ್ಚಿ ಹಾಕಿತ್ತು. ರಸ್ಮಿಯಾಳಿಗೆ ಗೋಡೆಯ ಪಕ್ಕದ ಬೆಂಚು, ಪ್ರಸವದ ವಾರ್ಡಿನ ಹೊರಗೆ ಗಂಡಂದಿರು ಕಾಯುವಂಥದ್ದು. ಎಲ್ಲರಿಗೂ ಚಹಾ ಬಂತು. ಹಿಕ್ಮತ್ ಲೋಟಕ್ಕೆ ಸಕ್ಕರೆ ಸುರಿದುಕೊಂಡು, ಮತ್ತೆ ಸುರಿದುಕೊಂಡು ಕಲಕಿದ. ಅವನ ರಕ್ತದಲ್ಲಿ ಸಕ್ಕರೆ ಎಷ್ಟಿದೆ, ಯಾವ ಮಾತ್ರೆ ನುಂಗುತ್ತಾನೆ, ಯಾವ ಮಾತ್ರೆಯನ್ನು ಹೆಂಡತಿಗೆ ಗೊತ್ತಾಗದಂತೆ ಕೇಳಿ ಒಯ್ಯುತ್ತಾನೆ ಎಲ್ಲ ಅವಳಿಗೆ ಗೊತ್ತು. ಒಂದು ಮಾತು ಸಾಕು, ಈ ಮೇಜಿನ ಸುತ್ತ ಯಾರೂ ತಲೆಯೆತ್ತುವ ಹಾಗಿಲ್ಲ. ಆ ಯೋಚನೆ ಬಂದದ್ದಕ್ಕೆ ಅವಳ ಕಿವಿ ಬಿಸಿಯಾಯಿತು. ಕಿಂಡಿಯ ಈಚೆ ಕೂತು ಗಳಿಸಿದ್ದನ್ನು ಇಲ್ಲಿ ಖರ್ಚು ಮಾಡಿದರೆ ಆಮೇಲೆ ಆ ಕಿಂಡಿಯ ಹಿಂದೆ ಕೂರುವುದಕ್ಕೆ ತನಗೇ ಮುಖವಿರುವುದಿಲ್ಲ. ಅವಳು ಚಹಾ ಲೋಟವನ್ನು ಬೆಂಚಿನ ಮೇಲಿಟ್ಟಳು.

ಉಮ್ಮ್ ಜಿರ್ಯೆಸ್ ತನ್ನ ತಕರಾರು ಹೇಳಿದಳು. ತಂಗಿಯ ಮಾತೆತ್ತಲಿಲ್ಲ, ಬೆಳಕು, ಗಾಳಿ, ಕಂಬಿ ಎಂದಷ್ಟೇ ಹೇಳಿದಳು. ಈ ಗಂಡಸರೆದುರು ಅದನ್ನು ಬಿಚ್ಚಲು ಅವಳಿಗೆ ಮನಸ್ಸಿಲ್ಲವೆಂದು ರಸ್ಮಿಯಾಳಿಗೆ ಅರ್ಥವಾಯಿತು. ಹಿಕ್ಮತ್ ಎಲ್ಲರನ್ನೂ ಸಮಾಧಾನಪಡಿಸುವ ಧ್ವನಿಯಲ್ಲಿ ಹೇಳಿದ: 'ನೋಡಿ, ಈಗ ಒಂದಂತಸ್ತಿಗೆ ಒಪ್ಪಿಗೆ ಕೊಡೋಣ. ಕಂಬ ಮಾತ್ರ ಗಟ್ಟಿ ಇರ್ಲಿ, ಕಂಬಿ ಇರ್ಲಿ. ಮೇಲಂತಸ್ತಿನ ವಿಷ್ಯ ಬಂದಾಗ ಅಬೂ ಸಖ್ರ್ ಅರ್ಜಿ ಹಾಕ್ತಾರೆ, ಆಗ ನೋಡ್ಕೊಳ್ಳೋಣ. ಚಿಕ್ಕಮ್ಮ, ನೀವು ಕುರ್ಚೀನ ಒಂದಿಷ್ಟು ಪಕ್ಕಕ್ಕೆ ಹಾಕ್ಕೊಂಡ್ರೆ ಆಯ್ತು.'

'ಗೋರಿನೂ ಪಕ್ಕಕ್ಕೆ ಹಾಕ್ಕೋತೀನಿ' ಎಂದಳು ಉಮ್ಮ್ ಜಿರ್ಯೆಸ್.

ಎಲ್ಲರೂ ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ರಸ್ಮಿಯಾ ಎದ್ದು ನಿಂತಿದ್ದಳು. ಎದ್ದ ಮೇಲೆ ತಾನು ಎದ್ದಿದ್ದೇನೆಂದು ಗೊತ್ತಾಯಿತು. 'ಅರ್ಜಿ ನನ್ನದು' ಎಂದಳು. ಧ್ವನಿ ಸಣ್ಣದಾಗಿ ಬಂತು. ಕಿಂಡಿಯಲ್ಲಿ ಮಾತಾಡಿ ಮಾತಾಡಿ ಅಷ್ಟಕ್ಕೇ ಪಳಗಿದ ಧ್ವನಿ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. 'ಅರ್ಜಿ ನನ್ನದು. ಅದನ್ನ ನಾನು ಬದಲಾಯಿಸ್ತಾ ಇದ್ದೀನಿ. ಮನೆ ಒಂದಾಳುದ್ದ ಕೆಳಗೆ ಹೋಗುತ್ತೆ, ಶುರೂಕ್ ಬರ್ಕೊಡ್ತಾಳೆ. ಮೇಲಂತಸ್ತು ಯಾವತ್ತೂ ಇಲ್ಲ ಅಂತ ಷರತ್ತು ಹಾಕಿ. ನಾನು ಇರೋವಾಗ್ಲೂ ಇಲ್ಲ, ನನ್ನ ನಂತರ ಆ ಮನೆ ಯಾರಿಗೆ ಹೋದ್ರೂ ಇಲ್ಲ.'

'ಅಕ್ಕ, ನೀನು ಕೂತ್ಕೊ' ಎಂದ ಮಮ್ದೂಹ್, ಮೆಲ್ಲಗೆ, ಜ್ವರ ಬಂದವರಿಗೆ ಹೇಳುವಂತೆ.

'ನಿಂತೇ ಇರ್ತೀನಿ.'

'ಯಾರೋ ಹೇಳಿಕೊಟ್ಟಿದ್ದಾರೆ ಇವಳಿಗೆ.' ಅವನು ಮೇಜಿನ ಸುತ್ತ ನೋಡಿದ. ಯಾರೂ ಅವನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಆಗ ಅವನ ಧ್ವನಿ ಒಡೆಯಿತು. 'ನಾನೇನು ನಿನ್ನ ಜಾಗ ಕಿತ್ಕೊಂಡ್ನಾ? ಸಖ್ರ್ ನಿನಗೆ ಬೇಡ್ವಾ? ನೀನೇ ಎತ್ತಿ ಆಡಿಸಿದವನು.'

'ಸಖ್ರ್ ಬೇಕು. ಅವನ ಕಂಬ ನನ್ನ ಕೋಣೆ ಒಳಗಿಂದ ಹೋಗೋದು ಬೇಡ.'

'ಮುದುಕಿ ಆಗ್ತೀಯ. ಬೀಳ್ತೀಯ. ಆ ಗುಂಡಿಯಿಂದ ನಿನ್ನ ಯಾರು ಹೊತ್ಕೊಂಡು ಬರ್ತಾರೆ?'

ಅದೇ ಪ್ರಶ್ನೆ ಎಷ್ಟೋ ಸಲ ಅವಳನ್ನು ಬೆಳಗಿನ ಜಾವಕ್ಕೆ ಎಬ್ಬಿಸಿತ್ತು. ಬಚ್ಚಲಿನಲ್ಲಿ ಜಾರಿ ಬಿದ್ದ ತನ್ನನ್ನೇ ಅವಳು ಮೇಲಿನಿಂದ ನೋಡಿದ್ದಳು, ನಲ್ಲಿ ಸುರಿಯುತ್ತಲೇ ಇರುವುದನ್ನು ಕೇಳಿದ್ದಳು. ತಮ್ಮ ಅದನ್ನು ಎಲ್ಲರೆದುರು ಹೇಳಿದ ಮೇಲೆ, ವಿಚಿತ್ರವೆಂದರೆ, ಅದರ ಹಲ್ಲು ಉದುರಿತ್ತು. 'ಗೊತ್ತಿಲ್ಲ' ಎಂದಳು. 'ಬಿದ್ದಾಗ ನೋಡೋಣ. ಇವತ್ತು ನನ್ನ ಕಾಲಲ್ಲೇ ನಡ್ಕೊಂಡು ಬಂದಿದ್ದೀನಿ.'

ಹಿಕ್ಮತ್ ಪೆನ್ನನ್ನು ತಿರುಗಿಸುತ್ತ ಕೂತ. 'ಕುಮಾರಿ ರಸ್ಮಿಯಾ, ಕಾನೂನಿಗೆ ನಿಮ್ಮ ಸಹಿ ಸಾಕು. ಆದ್ರೆ ಒಡಹುಟ್ಟಿದವರು ಅಂದ ಮೇಲೆ... ಮುಂದಿನ ತಿಂಗಳಿಗೆ ಇಡೋಣ್ವಾ? ಮನೇಲಿ ಕೂತು ಮಾತಾಡಿ.'

'ಮನೇಲಿ ಕೂತ್ರೆ ನಾನು ಒಪ್ಕೊಂಡುಬಿಡ್ತೀನಿ' ಎಂದಳು. ಇಷ್ಟು ನಿಜವಾದ ಮಾತನ್ನು ಪರರ ಮುಂದೆ ಎಂದೂ ಆಡಿರಲಿಲ್ಲ. 'ಅದಕ್ಕೇ ಇವತ್ತೇ ಬರೀರಿ.'

ಕೊನೆಗೆ ಶುರೂಕ್ ಮೇಜಿನ ತುದಿಯಲ್ಲೇ ಕೂತು ಹೊಸ ಮಟ್ಟವನ್ನು ಗೀಚಿದಳು. ಉಮ್ಮ್ ಜಿರ್ಯೆಸ್ ಕನ್ನಡಕ ಏರಿಸಿ ಅದನ್ನು ಹಾಳೆಯ ಎರಡೂ ಬದಿ ತಿರುಗಿಸಿ ನೋಡಿ, ತಕರಾರನ್ನು ಹಿಂತೆಗೆದುಕೊಂಡಳು. ಸದಸ್ಯರು ಕೈಯೆತ್ತಿದರು. ಹಿಕ್ಮತ್ ಎಲ್ಲರಿಗಿಂತ ಕೊನೆಗೆ ಎತ್ತಿದ. ಮಮ್ದೂಹ್ ಅಷ್ಟರಲ್ಲಿ ಹೊರಟುಹೋಗಿದ್ದ. ಅವನ ಕಾರು ಅಂಗಳದಲ್ಲಿ ಹಿಂದಕ್ಕೆ ತಿರುಗುವಾಗ ಯಾವುದಕ್ಕೋ ತಾಗಿದ ಶಬ್ದ ಕೇಳಿಸಿತು. ಬಾಗಿಲಲ್ಲಿ ಉಮ್ಮ್ ಜಿರ್ಯೆಸ್ ಅವಳ ತೋಳು ಹಿಡಿದು, 'ಸ್ನೇಹ ಆಯ್ತು ಅಂತ ತಿಳ್ಕೋಬೇಡ' ಎಂದಳು. 'ನಿನ್ನ ತಾರಸಿ ಇನ್ಮೇಲೆ ದಿನಾ ನನ್ನ ಕಣ್ಣೆದುರಿಗಿರುತ್ತೆ. ಗುಡಿಸಿಟ್ಕೊ.' ತೋಳನ್ನು ಮಾತ್ರ ಮೆಟ್ಟಿಲಿಳಿಯುವವರೆಗೂ ಬಿಡಲಿಲ್ಲ.

ಮನೆಗೆ ಅವಳು ನಡೆದೇ ಹೋದಳು. ಗೆದ್ದೆ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಬರುವಾಗ ನಾಲಿಗೆ ಮತ್ತೆ ಮತ್ತೆ ಆ ಖಾಲಿ ಜಾಗಕ್ಕೆ ಹೋಗುವಂತೆ ತಮ್ಮನ ಒಡೆದ ಧ್ವನಿಗೇ ಮನಸ್ಸು ಹೋಗುತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ, ಹಿಂದಕ್ಕೆ ಹೋಗಿ ಆಡಿದ್ದನ್ನು ತಿದ್ದಬೇಕು ಎಂದೂ ಅನ್ನಿಸಲಿಲ್ಲ. ಖಿತಾಮಳ ಎದುರು ನಿಲ್ಲುವುದು ಮಾತ್ರ ಬಾಕಿ ಇತ್ತು. ಮಗನ ಮನೆಗೆ ಕಲ್ಲು ಹಾಕಿದವಳು ಎಂದು ಅವಳು ಅನ್ನಲಿ, ಅನ್ನುವ ಹಕ್ಕು ಅವಳಿಗಿದೆ.

ಖಿತಾಮ್ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದಳು. ಬೇಳೆ ಮತ್ತು ಅಕ್ಕಿ ಒಟ್ಟಿಗೆ ಬೇಯಿಸಿ, ಮೇಲೆ ಹಾಕಲು ಈರುಳ್ಳಿ ಕಪ್ಪಾಗುವವರೆಗೆ ಹುರಿಯುತ್ತಿದ್ದಳು. ಸುದ್ದಿ ಫೋನಿನಲ್ಲಿ ಯಾವಾಗಲೋ ಬಂದಿತ್ತು. ಮಮ್ದೂಹ್ ಊಟ ಬೇಡವೆಂದು ಮಾಳಿಗೆ ಹತ್ತಿದ್ದ. ತಲೆಯ ಮೇಲೆ ಅವನು ಆ ತುದಿಯಿಂದ ಈ ತುದಿಗೆ ನಡೆಯುವ ಹೆಜ್ಜೆ ಕೇಳಿಸುತ್ತಿತ್ತು.

'ಸಾಯೋವರೆಗೂ ನಿಮ್ಮ ಹೊಸಿಲು ತುಳಿಯಲ್ವಂತೆ' ಎಂದಳು ಖಿತಾಮ್, ತಿರುಗದೆ.

'ನೀನು?'

ಖಿತಾಮ್ ತಟ್ಟೆಗೆ ಬಡಿಸಿದಳು, ಈರುಳ್ಳಿ ಹರಡಿದಳು, ಮೊಸರಿನ ಬಟ್ಟಲನ್ನು ಪಕ್ಕಕ್ಕಿಟ್ಟಳು. ಎಲ್ಲ ಇಟ್ಟಾದ ಮೇಲೆ ಕೈಯನ್ನು ಬಟ್ಟೆಗೆ ಒರೆಸುತ್ತ ಒರೆಸುತ್ತ ನಿಂತಳು. 'ಅತ್ತಿಗೆ, ಒಂದು ಕೇಳ್ಲಾ? ಅಪ್ಪನ ಮನೇಲಿ ನಾವು ಐದು ಜನ ಹುಡುಗೀರು ಒಂದೇ ಹಾಸಿಗೆ. ಅಲ್ಲಿಂದ ಸೀದಾ ಇಲ್ಲಿಗೆ. ಯಾರೂ ನನ್ನನ್ನ ಕೂಗಿ ಕರೀದೇ ಇರೋ ಮನೇಲಿ ನಾನು ಹುಟ್ಟಿದಾಗಿಂದ ಮಲಗೇ ಇಲ್ಲ. ನಿಮ್ಮನೆ ಆದ ಮೇಲೆ ನನ್ನನ್ನ ಒಂದು ರಾತ್ರಿ ಮಲಗಿಸ್ಕೊಳ್ಳಿ.'

ಆ ಇಳಿಜಾರಿನಲ್ಲಿ ಇನ್ನೂ ಗುದ್ದಲಿ ಬಿದ್ದಿರಲಿಲ್ಲ, ಆಗಲೇ ಒಬ್ಬಳು ಬಾಗಿಲು ತಟ್ಟುತ್ತಿದ್ದಳು. ಇಷ್ಟು ವರ್ಷದ ಋಣ, ಕೂಸಿಗೆಂದು ಚಾಚಿ ಗಾಳಿಯಲ್ಲಿ ಉಳಿದ ಆ ಕೈ, ಎಲ್ಲ ರಸ್ಮಿಯಾಳ ಕಣ್ಣೆದುರು ಬಂತು. ಎಷ್ಟು ದಿನ ಬೇಕಾದರೂ ಇರು ಎಂದುಬಿಡುವುದು ಎಷ್ಟು ಸುಲಭ, ಎಷ್ಟು ಚೆಂದ. ಅವಳು ತುತ್ತನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿದಳು.

'ಒಂದು ರಾತ್ರಿ' ಎಂದಳು. 'ಬೆಳಗ್ಗೆ ಎದ್ದು ಹೋಗಿಬಿಡ್ಬೇಕು.'

ಖಿತಾಮ್ ಅವಳ ಮುಖವನ್ನೇ ನೋಡಿದಳು, ತಮಾಷೆಯೋ ಎಂದು ಹುಡುಕಿದಳು. ತಮಾಷೆಯಲ್ಲವೆಂದು ತಿಳಿದ ಮೇಲೆ ನಗತೊಡಗಿದಳು. ಮೊದಲು ಬಾಯಿಗೆ ಬಟ್ಟೆ ಒತ್ತಿಕೊಂಡು, ಆಮೇಲೆ ಬಟ್ಟೆಯನ್ನೂ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ರಸ್ಮಿಯಾ ಕೇಳಿಯೇ ಇರಲಿಲ್ಲ. ಮೇಲೆ ಹೆಜ್ಜೆ ಸಪ್ಪಳ ನಿಂತಿತು. ಇಬ್ಬರೂ ಮೇಲಕ್ಕೆ ನೋಡಲಿಲ್ಲ. ರಸ್ಮಿಯಾ ಪಕ್ಕದ ಕುರ್ಚಿಯನ್ನು ಕಾಲಿನಿಂದ ಎಳೆದು, 'ಕೂತ್ಕೊ, ಆರಿ ಹೋಗುತ್ತೆ' ಎಂದು ತಟ್ಟೆಯನ್ನು ಇಬ್ಬರ ನಡುವೆ ಸರಿಸಿದಳು.